ಹೆರೊಡೋಟಸನನ್ನು ಹಡಗಿನ ಮೂಲೆಯಲ್ಲಿ ಕೂರಿಸಿದವರಿಗೆ

ತಂಗಿಯ ಮಗ ರಜೆಗೆ ಬಂದಿದ್ದಾನೆ. ನಿನ್ನೆ ಟೀವಿ ಮುಂದೆ ಕೂತು ‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’ ಅನ್ನುವ, ಹಳೆಯ ಗ್ರೀಸಿನ ಕಥೆಯ ವಿಡಿಯೋ ಗೇಮ್ ಆಡುತ್ತಿದ್ದ. ಗಡ್ಡದ ಮನುಷ್ಯನೊಬ್ಬ ಬಾಯಿ ತೆರೆದಿದ್ದೇ ತಡ, ಇವನು ಬಟನ್ ಒತ್ತಿ ಮಾತನ್ನು ಹಾರಿಸಿಬಿಟ್ಟ. ಯಾರೋ ಅದು ಅಂದೆ. “ಹೆರೊಡೋಟಸ್ ಅಂತೆ ದೊಡ್ಡಮ್ಮ, ಬರೀ ಬೋರು” ಅಂದ.

ನನ್ನನ್ನು ಬಲ್ಲವರಿಗೆ ನನ್ನ ಪಿತ್ತ ಎಲ್ಲಿಗೇರಿತು ಅಂತ ಬಿಡಿಸಿ ಹೇಳಬೇಕಿಲ್ಲ. ಹುಡುಗನಿಗೆ ಬೈಯಲಿಲ್ಲ. ಬೈಸಿಕೊಳ್ಳಬೇಕಾದವರು ಆ ಆಟ ಬರೆದವರು. ಹೆರೊಡೋಟಸ್ ಅಂದರೆ ಹಳೆಯ ಗ್ರೀಸಿನ ಇತಿಹಾಸಕಾರ. ಸುಮಾರು 2,400 ವರ್ಷದಿಂದ ಸುಳ್ಳುಗಾರ, ಬಾಯಿಬಡುಕ ಅಂತೆಲ್ಲ ಅನ್ನಿಸಿಕೊಂಡವನನ್ನು ಬೋರು ಮಾಡುವುದು ಸುಮ್ನೆ ಆಗುವ ಕೆಲಸವಲ್ಲ, ಶ್ರಮಪಟ್ಟಿದ್ದಾರೆ!

ಆಟ ಶುರುವಾಗುವುದು ಗ್ರೀಸಿನ ಥರ್ಮೋಪಿಲೆಯಲ್ಲಿ, ಗ್ರೀಕರು ಪರ್ಷಿಯನ್ನರನ್ನು ಎದುರಿಸಿದ ಕ್ರಿ.ಪೂ. 480ರ ಯುದ್ಧದಲ್ಲಿ. ಸ್ಪಾರ್ಟಾದ ದೊರೆ ಲಿಯೊನೈಡಸನ ಆ ಕಥೆ ನಮಗೆ ಗೊತ್ತಿರುವುದೇ ಮುಖ್ಯವಾಗಿ ಹೆರೊಡೋಟಸನಿಂದ. ಅಲ್ಲಿ ಸತ್ತ 300 ಸ್ಪಾರ್ಟನ್ನರ ಹೆಸರನ್ನೂ ವಿಚಾರಿಸಿ ತಿಳಿದುಕೊಂಡೆ ಅಂತ ಬರೆದವನು ಅವನು. ಅಂಥವನು ಈ ಆಟದಲ್ಲಿ ಡೆಲ್ಫಿಯಲ್ಲಿ ಸಿಗುತ್ತಾನೆ, ಹಡಗು ಹತ್ತುತ್ತಾನೆ, ಅಥೆನ್ಸಿಗೆ ಹೋಗಿ ಅಲ್ಲಿನ ನಾಯಕ ಪೆರಿಕ್ಲಿಸನನ್ನು ನೋಡು ಅಂತಾನೆ. ಅವನ ಕುತೂಹಲವೆಲ್ಲ ನಾಯಕಿಯ ಕೈಯಲ್ಲಿರುವ ಮುರಿದ ಈಟಿಯ ಸುತ್ತಲೇ. ಊರೂರು ಅಲೆದು ಸಿಕ್ಕಸಿಕ್ಕವರನ್ನು ಪ್ರಶ್ನೆ ಕೇಳಿದವನನ್ನು ದಾರಿ ತೋರಿಸುವ ಬೋರ್ಡು ಮಾಡಿದ್ದಾರೆ.

ಅವನ ಪುಸ್ತಕದಲ್ಲಿ ನಾವೂ ಇದ್ದೇವೆ, ಗೊತ್ತಲ್ವಾ? ಇಂಡಿಯಾದಲ್ಲಿ ಕಾಡುಮರಗಳು ಉಣ್ಣೆ ಬಿಡುತ್ತವೆ, ಅದು ಕುರಿಯ ಉಣ್ಣೆಗಿಂತ ಚೆನ್ನ, ಅಲ್ಲಿನವರು ಅದನ್ನೇ ಉಡುತ್ತಾರೆ ಅಂತಾನೆ. ನಮ್ಮ ಹತ್ತಿ! ಜೊತೆಗೆ ನರಿಗಿಂತ ದೊಡ್ಡ ಇರುವೆಗಳು ಚಿನ್ನದ ಮರಳು ತೋಡುತ್ತವೆ ಅಂತಲೂ ಬರೆದಿದ್ದಾನೆ. ಹೇಳಿದ್ದನ್ನು ಬರೆಯುವುದು ನನ್ನ ಕೆಲಸ, ನಂಬಲೇಬೇಕು ಅಂತೇನಿಲ್ಲ ಅಂತ ಬೇರೆ ಕಡೆ ಅವನೇ ಹೇಳಿದ್ದಾನೆ.

ಪರ್ಷಿಯಾದ ದೊರೆ ಡೇರಿಯಸನ ಕಥೆ ಕೇಳಿ. ಆಸ್ಥಾನದಲ್ಲಿದ್ದ ಗ್ರೀಕರನ್ನು ಕರೆದು, ಎಷ್ಟು ದುಡ್ಡು ಕೊಟ್ಟರೆ ಸತ್ತ ಅಪ್ಪನನ್ನು ತಿನ್ನುತ್ತೀರಿ ಅಂತ ಕೇಳುತ್ತಾನೆ. ಎಷ್ಟು ಕೊಟ್ಟರೂ ಇಲ್ಲ ಅಂದರು. ಆಮೇಲೆ, ಸತ್ತ ಹೆತ್ತವರನ್ನು ತಿನ್ನುವ ಪದ್ಧತಿಯಿದ್ದ ಕಲ್ಲಾಟಿಯರು ಅನ್ನುವ ಇಂಡಿಯಾದವರನ್ನು ಗ್ರೀಕರ ಎದುರೇ ಕರೆಸಿ, ಏನು ಕೊಟ್ಟರೆ ಅಪ್ಪನನ್ನು ಸುಡುತ್ತೀರಿ ಅಂತ ಕೇಳಿದ. ಅವರು ಕೂಗಿಕೊಂಡು, ಅಂಥ ಮಾತನ್ನೇ ಆಡಬೇಡಿ ಅಂದರು. ಇನ್ನೊಬ್ಬರ ಆಚಾರ ನೋಡಿ ಹಾಸ್ಯ ಮಾಡುವವನಿಗೆ ತಲೆ ಕೆಟ್ಟಿರಬೇಕು ಅನ್ನುವುದು ಹೆರೊಡೋಟಸನ ತೀರ್ಪು. ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಇದನ್ನು ಹಾಕಿದ್ದೇನೆ. ಒಬ್ಬರೂ ಉತ್ತರ ಕೊಟ್ಟಿಲ್ಲ.

ಇಂಥ ಸರಕು ಕೈಯಲ್ಲಿಟ್ಟುಕೊಂಡು ಈಟಿ ಹಿಡಿದು ಕೂತಿದ್ದಾರಲ್ಲ!

“ಆಟದಿಂದಲಾದರೂ ಮಕ್ಕಳಿಗೆ ಹೆಸರು ಗೊತ್ತಾಯ್ತಲ್ಲಾ” ಅಂತ ನಮ್ಮ ಮನೆಯವರು ಸಮಾಧಾನ ಹೇಳಿದರು. ಹೆಸರು ಗೊತ್ತಾಗಿ ಏನು ಬಂತು? ಬೋರು ಅಂತ ಗೊತ್ತಾಯಿತು, ಅಷ್ಟೇ. 2019ರಲ್ಲಿ ಇದೇ ಆಟಕ್ಕೆ ‘ಡಿಸ್ಕವರಿ ಟೂರ್’ ಅಂತ ಪಾಠದ ಭಾಗವೊಂದು ಬಂತು. ಅಲ್ಲಾದರೂ ಬಿಟ್ಟರಾ? ಹೆರೊಡೋಟಸನನ್ನು ಗೈಡ್ ಮಾಡಿ, ಸುತ್ತಾಟ ಮುಗಿದ ಮೇಲೆ ಕ್ವಿಜ್ ಕೇಳಲು ನಿಲ್ಲಿಸಿದ್ದಾರೆ. ಒಂದು ಪ್ರಶ್ನೆಗೆ ಒಂದೇ ಉತ್ತರ. ಈಜಿಪ್ಟಿನವರು ಹೀಗಂತಾರೆ, ಗ್ರೀಕರು ಹಾಗಂತಾರೆ, ನನಗನ್ನಿಸುವುದು ಬೇರೆ ಅಂತ ಪುಟಗಟ್ಟಲೆ ಬರೆದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಾ?

ಹೇಳಬಾರದು, ಆದರೂ ಹೇಳಿಬಿಡುತ್ತೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಂಟ್ರೋಲರ್ ಹಿಡಿದು ನಾನೇ ಕೂತೆ. ಕುದುರೆ ಓಡಿಸಲು ಬರಲಿಲ್ಲ, ಬಂಡೆಗೆ ಗುದ್ದಿದೆ. ಹೇಗೋ ಅಥೆನ್ಸಿನ ಗುಡಿಗಳ ಗುಡ್ಡ ಆಕ್ರೊಪೊಲಿಸ್ ಹತ್ತಿದೆ. ಬಣ್ಣ ಬಳಿದ ಗುಡಿಗಳು, ಅಥೇನಾ ದೇವಿಯ ಆ ದೊಡ್ಡ ಪ್ರತಿಮೆ. ನನ್ನ ಜೀವಮಾನದಲ್ಲಿ ಅಲ್ಲಿಗೆ ಹೋಗುವುದು ಅಷ್ಟರಲ್ಲೇ ಇದೆ. ಕಣ್ಣು ಒದ್ದೆಯಾಯಿತು. ಅದರ ಹಿಂದೆಯೇ ಸಿಟ್ಟು ಇನ್ನೂ ಜಾಸ್ತಿಯಾಯಿತು. ಕಲ್ಲು, ಬಣ್ಣ, ಕಂಬಗಳಿಗೆ ಇಷ್ಟೊಂದು ಅಕ್ಕರೆ ತೋರಿಸಿದವರಿಗೆ ಒಬ್ಬ ಮನುಷ್ಯನ ಹರಟೆ ಭಾರವಾಯಿತಾ?

ನಾನು ಕೇಳುವುದು ಒಂದೇ ಒಂದು ಮಿಷನ್. ಅವನ ಜೊತೆ ಒಂದು ಊರಿಗೆ ಹೋಗಬೇಕು. ಒಂದೇ ಸಂಗತಿಯನ್ನು ಮೂವರ ಹತ್ತಿರ ಕೇಳಬೇಕು. ಮೂರು ಕಥೆಯನ್ನೂ ಬರೆದುಕೊಳ್ಳಬೇಕು. ಯಾವುದನ್ನು ನಂಬುತ್ತೀಯ, ಯಾಕೆ ಅಂತ ರಾತ್ರಿ ಹಡಗಿನಲ್ಲಿ ಅವನು ಕೆಣಕಬೇಕು. ಯಾರನ್ನೂ ಕೊಲ್ಲುವುದು ಬೇಡ. ಕೊಲ್ಲಲೇಬೇಕು ಅಂದರೆ ಆ ಕ್ವಿಜ್ ಇದೆಯಲ್ಲ, ಅದನ್ನು ಕೊಲ್ಲಿ.