ಏಳು ಹೆಜ್ಜೆಗೆ ಸಿಕ್ಕ ಚಿನ್ನ

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಸ್ಟರ್ಲಿಂಗ್ ಟಾರ್ಕ್‌ಗಳ, ಅಂದರೆ ಹಳೇ ಕಾಲದ ಚಿನ್ನದ ಕಂಠಿಗಳ ಫೋಟೋ ಹಾಕಿದೆ. ಮೊದಲು ಬಂದ ಪ್ರಶ್ನೆ ಅತ್ತಿಗೆಯದು, "ಎಷ್ಟು ಗ್ರಾಂ?" ಎರಡನೆಯದು ಚಿಕ್ಕಪ್ಪನ ಮಗನದು, "ಅಣ್ಣಾ, ಇದನ್ನು ಹುಡುಕಿದ ಆ ಮಷೀನು ಎಲ್ಲಿ ಸಿಗುತ್ತೆ?"

ತಪ್ಪು ಅವರದ್ದಲ್ಲ ಬಿಡಿ, ಈ ಕಥೆಯನ್ನು ಎಲ್ಲರೂ ಹೇಳೋದೇ ಹಾಗೆ. 2009ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಹತ್ತಿರ ಒಬ್ಬರು ಹೊಸ ಮೆಟಲ್ ಡಿಟೆಕ್ಟರ್ ಹಿಡಿದು ಮೊದಲ ಸಲ ಹೊರಟರು, ಕಾರು ನಿಲ್ಲಿಸಿ ಏಳು ಹೆಜ್ಜೆ ಇಟ್ಟಿದ್ದರೋ ಇಲ್ಲವೋ ಮಷೀನು ಕೂಗಿತು, ಅಗೆದರೆ ಕುತ್ತಿಗೆಗೆ ಹಾಕುವ ನಾಲ್ಕು ಚಿನ್ನದ ಕಂಠಿ. ಬಹುಮಾನ 4,62,000 ಪೌಂಡ್. ಲಾಟರಿ! ಕಥೆ ಮುಗೀತು.

ನನಗೆ ಸಿಟ್ಟು ಬರೋದು ಇಲ್ಲೇ. ಕಥೆ ಶುರುವಾಗೋದೇ ಆಮೇಲೆ ಅಲ್ವಾ?

ಅವು ಕ್ರಿಸ್ತಪೂರ್ವ 300ರಿಂದ 100ರ ನಡುವಿನವು. ನಮ್ಮ ಮಸ್ಕಿ, ಬ್ರಹ್ಮಗಿರಿಗಳಲ್ಲಿ ಅಶೋಕನ ಶಾಸನ ಕೆತ್ತಿದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಆ ಕಡೆ ಆಗಿನ್ನೂ ಬರಹವೇ ಇಲ್ಲ, ಒಂದು ಸಾಲೂ ಯಾರೂ ಬರೆದಿಟ್ಟಿಲ್ಲ. ಹಾಗಾಗಿ ಒಡವೆಯೇ ಮಾತಾಡಬೇಕು. ಎರಡು ಕಂಠಿ ಚಿನ್ನದ ಪಟ್ಟಿಯನ್ನು ತಿರುಚಿ ಮಾಡಿದವು, ಸ್ಕಾಟ್ಲೆಂಡ್, ಐರ್ಲೆಂಡಿನ ಕೆಲಸ. ಮೂರನೆಯದು ಮುರಿದಿದೆ, ಅದು ದಕ್ಷಿಣ ಫ್ರಾನ್ಸಿನ ಟೂಲೂಸ್ ಕಡೆಯ ಮಾದರಿ. ನಾಲ್ಕನೆಯದನ್ನಂತೂ ನಾನು ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ಎಂಟು ಚಿನ್ನದ ತಂತಿ ಹೆಣೆದು, ತುದಿಗೆ ಕೂದಲಿನಂಥ ಎಳೆ, ಸಣ್ಣ ಗುಂಡು ಕೂರಿಸಿ, ಬಿದ್ದುಹೋಗದಂತೆ ಒಂದು ಸರಪಳಿ ಬೇರೆ! ಆಕಾರ ಆ ಕಡೆಯದು, ಕುಸುರಿ ಮೆಡಿಟರೇನಿಯನ್ ತೀರದ್ದು. ಅಕ್ಕಸಾಲಿ ಎಲ್ಲಿ ಕಲಿತು ಎಲ್ಲಿಗೆ ಬಂದನೋ, ಅಥವಾ ಒಡವೆಯೇ ಅಷ್ಟು ದೂರ ಕೈ ಬದಲಾಯಿಸಿಕೊಂಡು ಬಂತೋ!

ಸಿಕ್ಕಿದ್ದನ್ನು ಆ ಮನುಷ್ಯ ಸುಮ್ನೆ ಯಾವನೋ ಅಂಗಡಿಯವನಿಗೆ ಕೊಟ್ಟಿದ್ದರೆ ಇದೆಲ್ಲ ಒಂದೇ ಮೂಸೆಯಲ್ಲಿ ಕರಗಿ ಗಟ್ಟಿಯಾಗುತ್ತಿತ್ತು. ಅವರು ಸಿಕ್ಕಿದ್ದನ್ನೂ ಹೇಳಿದರು, ಸಿಕ್ಕಿದ ಜಾಗವನ್ನೂ ಹೇಳಿದರು. ಪುರಾತತ್ವದವರು ಹೋಗಿ ಅಲ್ಲೇ ಅಗೆದಾಗ ದುಂಡನೆಯ ಮರದ ಕಟ್ಟಡವೊಂದರ ಗುರುತು ಸಿಕ್ಕಿತು, ಒಡವೆ ಹೂತಿದ್ದು ಅದರೊಳಗೆ. ಬಹುಶಃ ದೇವರಿಗೆ ಒಪ್ಪಿಸಿದ್ದು. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಇಂಥ ನಿಧಿ ಸರ್ಕಾರದ್ದು, ಜಮೀನಿನವರಿಗೂ ಹಕ್ಕಿಲ್ಲ, ಹುಡುಕಿದವರಿಗೂ ಇಲ್ಲ. ಬಹುಮಾನ ಮಾತ್ರ ಉಂಟು. ಅದು ಚಿನ್ನದ ಬೆಲೆ ಅಂತ ನನಗೆ ಅನಿಸೋದಿಲ್ಲ, ಬಾಯಿ ಬಿಟ್ಟು ಹೇಳಿದ್ದಕ್ಕೆ ಕೊಟ್ಟಿದ್ದು. ಈಗ ಅವು ಎಡಿನ್‌ಬರಾದ ಮ್ಯೂಸಿಯಮ್ಮಿನಲ್ಲಿವೆ, ಯಾರು ಬೇಕಾದರೂ ನೋಡಬಹುದು.

ನಮ್ಮ ಕಡೆ ನಿಧಿ ಆಸೆಗೆ ಹಾಳು ಗುಡಿಯ ಪಾಣಿಪೀಠ ಕಿತ್ತು ಪಕ್ಕಕ್ಕೆ ಎಸೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಏನಾದರೂ ಸಿಕ್ಕಿತೋ ಇಲ್ಲವೋ, ಗುಡಿಯಂತೂ ಹೋಯಿತು.

ಇಷ್ಟನ್ನೂ ಗ್ರೂಪಿನಲ್ಲಿ ಉದ್ದಕ್ಕೆ ಬರೆದೆ. ಅತ್ತಿಗೆ ನಾಲ್ಕನೆಯದರ ಹತ್ತಿರದ ಫೋಟೋ ಕೇಳಿದರು, ಆ ಸರಪಳಿಯ ಕೊಂಡಿ ನೋಡಬೇಕಂತೆ. ಚಿಕ್ಕಪ್ಪನ ಮಗ ಮಷೀನಿನ ಲಿಂಕ್ ಕಳಿಸಿದ್ದಾನೆ.