ಪುಕ್ಕ, ನೇಲ್ ಪಾಲಿಶ್, ಅಜ್ಜನ ಗಡ್ಡ

ಹದಿನಾಲ್ಕು ಹದಿನೈದು ವರ್ಷದ ಮಕ್ಕಳ ಕೈಗೆ ಚೂಪು ಕೊಕ್ಕೆ, ಕತ್ತರಿ, ಒಂದು ಚೀಲ ಪುಕ್ಕ ಕೊಟ್ಟು ಒಂದೇ ಕೋಣೆಯಲ್ಲಿ ಕೂರಿಸುವುದಕ್ಕೆ ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ‘ಫ್ಲೈ ಟೈಯಿಂಗ್ ಕ್ಲಬ್’ ಅಂತಾರೆ. ಟ್ರೌಟ್ ಮೀನು ಮೋಸ ಹೋಗಿ ಬಾಯಿ ಹಾಕಲಿ ಅಂತ ಗಾಳದ ಕೊಕ್ಕೆಗೆ ಪುಕ್ಕ, ಕೂದಲು, ದಾರ ಸುತ್ತಿ ಸುಳ್ಳು ಹುಳ ಕಟ್ಟುವ ಕೆಲಸ ಇದು. ಮಗಳ ಶಾಲೆಯಲ್ಲಿ ಹೇಳಿಕೊಡುವವರು ಬೇಕು ಅಂದರು, ನಾನು ಕೈ ಎತ್ತಿದೆ. ಮಗಳು ಅವತ್ತೇ ಹೋಗಿ ಚೆಸ್ ಕ್ಲಬ್ ಸೇರಿಕೊಂಡಳು.

ಶುರು ಮಾಡಿದ್ದು ವೂಲಿ ಬಗರ್ ಅನ್ನುವ ಸುಳ್ಳು ಹುಳದಿಂದ. 1967ರ ಸುಮಾರಿಗೆ ಇದೇ ರಾಜ್ಯದ ರಸೆಲ್ ಬ್ಲೆಸಿಂಗ್ ಅನ್ನುವವರು ಮೊದಲು ಕಟ್ಟಿದ್ದು. ದಪ್ಪ ಮೈ, ಸ್ವಲ್ಪ ಕೆಟ್ಟರೂ ಗೊತ್ತಾಗಲ್ಲ. ಬಾಲಕ್ಕೆ ಮಾರಬೂ, ಮೈಗೆ ಶೆನಿಲ್ ದಾರ, ಅದರ ಮೇಲೆ ಕೋಳಿ ಪುಕ್ಕ ಸುತ್ತಿಕೊಂಡು ಬಂದರೆ ಮುಗೀತು. ಮಾರಬೂ ಅಂದರೆ ಹಿಂದೆ ಆ ಹೆಸರಿನ ಕೊಕ್ಕರೆಯ ಪುಕ್ಕ, ಈಗ ಬರುವುದು ಟರ್ಕಿ ಕೋಳಿಯದು. ಯಾವ ಹಕ್ಕಿಯದಾದರೇನು, ಹೀಟರ್ ಆನ್ ಆದ ಹೊತ್ತಿಗೇ ಯಾರೋ ಜೋರಾಗಿ ಸೀನಿದರು, ಇಡೀ ಪ್ಯಾಕೆಟ್ ಎದ್ದು ಎಲ್ಲರ ತಲೆ ಮೇಲೆ, ಪಿಜ್ಜಾ ಮೇಲೆ, ನನ್ನ ಕಾಫಿಯಲ್ಲಿ ಬಂದು ಕೂತಿತು.

ಕೊಕ್ಕೆಯ ನಂಬರು ಹೆಚ್ಚಾದಷ್ಟೂ ಕೊಕ್ಕೆ ಚಿಕ್ಕದು. ಇದನ್ನು ಹೇಳುವಾಗ ಫೋನ್ ನೋಡುತ್ತಿದ್ದ ಹುಡುಗ, ದೊಡ್ಡದಿರಲಿ ಅಂತ 22ನೇ ನಂಬರಿನದು ತಗೊಂಡ. ಆಮೇಲೆ ಅದನ್ನು ಹುಡುಕುವುದೇ ಅವನ ಕ್ಲಾಸು. ಸಿಕ್ಕಿದ್ದು ಪಕ್ಕದವಳ ಸ್ವೆಟರಿನ ತೋಳಿನಲ್ಲಿ. ಪುಣ್ಯಕ್ಕೆ ಕೊಕ್ಕೆಗಳ ತುದಿಯ ಹಿಮ್ಮುಖ ಮುಳ್ಳನ್ನೆಲ್ಲ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಸಿದ್ದೆ, ಸುಲಭವಾಗಿ ಬಂತು.

ಕೊನೆಯ ಗಂಟು ಬಿಚ್ಚದಿರಲಿ ಅಂತ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚುತ್ತೇವೆ. ಒಂದೇ ಹನಿ ಸಾಕು. ಬಾಟಲಿ ಖಾಲಿಯಾಗಿದ್ದು ನೋಡಿ ತಿರುಗಿದರೆ, ಬಾಸ್ಕೆಟ್‌ಬಾಲ್ ಟೀಮಿನ ಇಬ್ಬರು ಗಡವರು ಹತ್ತೂ ಉಗುರಿಗೆ ಬಳಿದುಕೊಂಡು ಉಫ್ ಉಫ್ ಅಂತ ಊದುತ್ತಾ ಕೂತಿದ್ದಾರೆ.

ನಾಯಿಯ ಒಳಗೂದಲು ಹೊಸೆದು ಹುಳದ ಮೈ ಮಾಡಬಹುದು ಅಂತ ಬಾಯಿ ತಪ್ಪಿ ಅಂದೆ ನೋಡಿ, ಮುಂದಿನ ವಾರ ನಾಯಿ, ಬೆಕ್ಕು, ಮೊಲ ಎಲ್ಲದರ ಕೂದಲೂ ಬಂತು. ಒಬ್ಬ ಅಜ್ಜನ ಗಡ್ಡ ತಂದಿದ್ದ.

“ಅಜ್ಜನ್ನ ಕೇಳಿದ್ಯಾ?”

“ನಿದ್ದೆ ಮಾಡ್ತಿದ್ರು.”

ಇದನ್ನೆಲ್ಲ ಶಿವಮೊಗ್ಗದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ನಗುತ್ತಾರೆ ಅಂತ. “ನಾವು ಮೀನು ತಿನ್ನೋರಲ್ಲ. ನೀನು ದುಡ್ಡು ಕೊಟ್ಟು ಪುಕ್ಕ ತರ್ತೀಯ, ಮೀನು ಹಿಡಿತೀಯ, ವಾಪಸ್ ನೀರಿಗೆ ಬಿಡ್ತೀಯ. ಮಕ್ಕಳಿಗೆ ಇದನ್ನ ಕಲಿಸ್ತಿದ್ದೀಯ ಅಂತ ಅವರ ಅಪ್ಪ ಅಮ್ಮಂಗೆ ಗೊತ್ತಾ?” ಅಂದರು. ಅಡುಗೆ ಏನು ಅಂತ ಮಾತು ಬದಲಿಸಿದೆ.

ಮೊನ್ನೆ ಶಾಲೆಯ ಕಸ ತೆಗೆಯುವ ಹಿರಿಯರು ವ್ಯಾಕ್ಯೂಮ್ ಕ್ಲೀನರಿನ ಬ್ರಷ್ಷಿಗೆ ಸಿಕ್ಕಿಕೊಂಡಿದ್ದ ಒಂದು ವೂಲಿ ಬಗರ್ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಬೈಸಿಕೊಳ್ಳಲು ರೆಡಿಯಾದೆ. ಅವರು ಅದನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, “ಬಾಲ ಉದ್ದ ಆಯ್ತು. ಕೊಕ್ಕೆಯ ಕಡ್ಡಿ ಎಷ್ಟಿದೆಯೋ ಅಷ್ಟಿದ್ರೆ ಸಾಕು. ಕೊಕ್ಕೆಯ ಕಣ್ಣಿನ ಮೇಲೂ ದಾರ ಸುತ್ತಿದ್ದಾರೆ, ಗಾಳದ ದಾರ ಎಲ್ಲಿ ಪೋಣಿಸ್ತಾರೆ?” ಅಂದರು. ನಾನು ದಿನಾ ಬಡಕೊಳ್ಳುವುದೂ ಅದನ್ನೇ. ಆದರೆ ಅವರು ಅಂದಾಗ ಮಕ್ಕಳು ಫೋನ್ ಕೆಳಗಿಟ್ಟರು. ಈಗ ಪಾಠ ಅವರದೇ, ಕುರ್ಚಿಯೂ ಅವರದೇ. ವ್ಯಾಕ್ಯೂಮ್ ನನ್ನ ಕೈಗೆ ಬಂದಿದೆ.