ತೊಟ್ಟಿಗೆ ಮುಚ್ಚಳ

ಪರಿಚಯದವರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಬೆಂಗಳೂರಿನ ಹೊರವಲಯ, 30-40ರ ಸೈಟು. ಊಟಕ್ಕೆ ಕೂರಿಸುವ ಮೊದಲು ಮನೆ ತೋರಿಸುವ ಶಾಸ್ತ್ರ ಇರುತ್ತದಲ್ಲ, ಅದು ನಡೆಯುತ್ತಿತ್ತು. ಹಾಲಿನ ನಡುವೆ ನಿಂತು ಯಜಮಾನರು, “ಇದು ನೋಡಿ ಸಾರ್, ನಮ್ಮ ತೊಟ್ಟಿ!” ಎಂದರು. ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಒಂದು ತಗ್ಗು. ತುಂಬ ಬಿಳಿ ಬೆಣಚುಕಲ್ಲು ಸುರಿದಿದ್ದರು. ಮೂಲೆಯಲ್ಲೊಂದು ಹಿತ್ತಾಳೆ ಉರುಳಿ, ಅದರಲ್ಲಿ ತೇಲುವ ಸೇವಂತಿಗೆ. ಹಳೇ ಮನೆಗಳಲ್ಲಿ ತೊಟ್ಟಿಯೆಂದರೆ ಮನೆಯ ನಡುವೆ ಆಕಾಶಕ್ಕೆ ಬಾಯಿ ತೆರೆದ ತಗ್ಗಿನ ಅಂಗಳ; ಅಭ್ಯಾಸಬಲದಿಂದ ಕತ್ತೆತ್ತಿ ನೋಡಿದೆ. ಮೇಲೆ ದಪ್ಪ ಗಾಜು ಕೂರಿಸಿ, ಸುತ್ತ ಸಂದಿಯೇ ಇಲ್ಲದ ಹಾಗೆ ಸಿಲಿಕಾನ್ ಬಳಿದಿದ್ದರು.

“ಮಳೆ?” ಎಂದೆ.

“ಮಳೆ ಒಳಗೆ ಬಂದರೆ ಹೇಗೆ ಸಾರ್, ಸೋಫಾ ಇದೆಯಲ್ಲ.”

“ಗಾಳಿ?”

“ಎಸಿ ಇದೆ ಸಾರ್.”

ಬಿಸಿಲೊಂದು ಮಾತ್ರ ಧಾರಾಳವಾಗಿ ಒಳಗೆ ಬರುತ್ತಿತ್ತು. ಬಂದ ಶಾಖಕ್ಕೆ ಹೊರಗೆ ಹೋಗಲು ದಾರಿಯಿರಲಿಲ್ಲ, ಹಾಗಾಗಿ ಎಸಿ. ನಾನೇನೂ ಮಾತಾಡಲಿಲ್ಲ. ಹೋಳಿಗೆಯ ವಾಸನೆ ಆಗಲೇ ಬರುತ್ತಿತ್ತು, ಗೃಹಪ್ರವೇಶದ ದಿನ ಮನೆಯವರ ಹತ್ತಿರ ವಾದಕ್ಕಿಳಿಯುವಷ್ಟು ದಡ್ಡತನ ನನಗಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೂತು, ಹಳೇ ಮನೆಗಳ ಸೊಗಸು ನಿಜವಾಗಿ ಎಲ್ಲಿತ್ತು ಎಂಬುದನ್ನು ಒಂದು ಸಲ ಸರಿಯಾಗಿ ಬರೆದುಬಿಡಬೇಕು ಎಂದುಕೊಂಡೆ. ಬರೆಯುತ್ತಿದ್ದೇನೆ.

ಮೊದಲು ಒಂದು ಕಿರಿಕಿರಿ ಮುಗಿಸಿಬಿಡುತ್ತೇನೆ. ಹಳೇ ಮನೆಗಳ ಬಾಗಿಲು ಗಿಡ್ಡವಿದ್ದದ್ದು ಒಳಗೆ ಬರುವವನು ಅಹಂಕಾರ ಬಿಟ್ಟು ತಲೆಬಾಗಲಿ ಎಂಬ ಹಿರಿಯರ ದೂರದೃಷ್ಟಿಯಿಂದಂತೆ. ವಾಟ್ಸಾಪಿನಲ್ಲಿ ಬೆಳಗಿನ ಶುಭೋದಯದ ಜತೆ ಬರುತ್ತದೆ, ಕೆಳಗೆ ಕೈಮುಗಿದ ಚಿತ್ರ. ನಮ್ಮೂರ ಮನೆಯ ಕೋಣೆ ಬಾಗಿಲಿಗೆ ಹಣೆ ಚಚ್ಚಿಸಿಕೊಂಡ ಯಾರೊಬ್ಬರೂ ವಿನಯವಂತರಾದದ್ದನ್ನು ನಾನು ಕಂಡಿಲ್ಲ. ಅವರ ಬಾಯಿಂದ ಆಗ ಹೊರಟ ಮಾತುಗಳನ್ನು ಇಲ್ಲಿ ಬರೆಯುವ ಹಾಗೂ ಇಲ್ಲ. ಉದ್ದನೆ ಮರಕ್ಕೆ ದುಡ್ಡು ಬೇಕಿತ್ತು, ಮಣ್ಣುಗೋಡೆಯಲ್ಲಿ ಎಷ್ಟು ಸಣ್ಣ ಬಾಯಿ ಬಿಟ್ಟರೆ ಗೋಡೆಗೆ ಅಷ್ಟು ಕ್ಷೇಮ. ಇಷ್ಟು ಸಾಲದೆ? ಎಲ್ಲದಕ್ಕೂ ತತ್ವ ಹಚ್ಚಬೇಕೆ?

ಹಳೇ ಮನೆಗಳನ್ನು ನಿಜಕ್ಕೂ ಪ್ರೀತಿಸಿದವರು ಇಲ್ಲವೆಂದಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳುವ ಸ್ಥಿತಿಯಲ್ಲಿದ್ದ ಮನೆಗಳನ್ನು ಬಿಚ್ಚಿ ತಂದು, ತೊಲೆಗೆ ತೊಲೆ ಹೊಂದಿಸಿ ಮತ್ತೆ ಕಟ್ಟಿಸಿದರು. ಕುಂಜೂರಿನ ಚೌಕಿಮನೆಯಿಂದ ಹಿಡಿದು ಮುಧೋಳ ಅರಮನೆಯ ದರ್ಬಾರ್ ಹಾಲಿನವರೆಗೆ ಅಲ್ಲಿವೆ. ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಅಂಥ ಕಡೆ ಹೋದಾಗಲೆಲ್ಲ ನನಗೊಂದು ಕೊರತೆ ಕಾಡುತ್ತದೆ: ಮನೆ ಅಷ್ಟೂ ಇದೆ, ಮಲಗಿದವರು ಇಲ್ಲ. ನಮ್ಮ ಮನೆಯಲ್ಲಿ ಎಲ್ಲಿ ಕಾಲಿಟ್ಟರೂ ಒಬ್ಬರು ಮಲಗಿರುತ್ತಿದ್ದರು.

ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಎರಡಡಿ ದಪ್ಪದ ಮಣ್ಣುಗೋಡೆ. ಅಂಥ ಗೋಡೆ ಬಿಸಿಲಿನ ಝಳವನ್ನು ಒಳಗೆ ಬಿಡುವುದೇ ಇಲ್ಲ ಎಂದು ಈಗ ಎಲ್ಲರೂ ಹೊಗಳುತ್ತಾರೆ. ಬಿಡುತ್ತದೆ ಸ್ವಾಮಿ, ತಡವಾಗಿ ಬಿಡುತ್ತದೆ. ಮಧ್ಯಾಹ್ನ ಕುಡಿದ ಬಿಸಿಯನ್ನೆಲ್ಲ ರಾತ್ರಿ ಊಟವಾದ ಮೇಲೆ ಕೋಣೆಯೊಳಗೆ ಕಕ್ಕುತ್ತದೆ. ಚೈತ್ರ ವೈಶಾಖದಲ್ಲಿ ಕೋಣೆಯಲ್ಲಿ ಮಲಗಿದವನು ಬೆಂದುಹೋಗಬೇಕು. ಹಾಗಾಗಿ ಎಲ್ಲರೂ ಚಾಪೆ ಸುತ್ತಿಕೊಂಡು ತೊಟ್ಟಿಯ ಸುತ್ತಲಿನ ಪಡಸಾಲೆಗೆ ಬರುತ್ತಿದ್ದರು. ಒಳಗಿನ ಬಿಸಿಗಾಳಿ ತೊಟ್ಟಿಯ ಬಾಯಿಂದ ಆಕಾಶಕ್ಕೆ ಹೋದರೆ, ಕಿಂಡಿಗಳಿಂದ ತಣ್ಣನೆ ಗಾಳಿ ನೆಲ ಸವರಿಕೊಂಡು ಬರುತ್ತಿತ್ತು. ತಾತ ಮುಂಬಾಗಿಲ ಹತ್ತಿರ, ಅಜ್ಜಿ ಅಡುಗೆಮನೆ ಬಾಗಿಲಲ್ಲಿ, ನಡುವೆ ವಯಸ್ಸಿನ ಕ್ರಮವೂ ಇಲ್ಲದೆ ಮಿಕ್ಕವರೆಲ್ಲ. ಕತ್ತಲೆಯಲ್ಲಿ ಯಾರು ಯಾರೆಂದು ಗೊರಕೆಯಿಂದ ಗುರುತು ಹಿಡಿಯಬೇಕಿತ್ತು.

ಕಳ್ಳ ಬಂದದ್ದು ಅಂಥದೊಂದು ಬೇಸಗೆಯಲ್ಲಿ. ನಾನು ಹುಟ್ಟುವ ಮೊದಲಿನ ಕಥೆ. ಆದರೆ ನಮ್ಮ ಮನೆಯ ಪ್ರತಿ ಮದುವೆಯಲ್ಲೂ ಬೀಗರ ಊಟದ ಹೊತ್ತಿಗೆ ಯಾರಾದರೂ ಇದನ್ನು ಎತ್ತಿಯೇ ಎತ್ತುತ್ತಾರೆ.

ಚಿಕ್ಕಪ್ಪನಿಗೆ ಆಗ ನಾಟಕದ ಹುಚ್ಚು. ಊರ ಹಬ್ಬಕ್ಕೆ ಆಡುವ ನಾಟಕದಲ್ಲಿ ದುಶ್ಶಾಸನನ ಪಾರ್ಟು. ಪಕ್ಕದೂರಿಂದ ಹಾರ್ಮೋನಿಯಂ ಮೇಷ್ಟ್ರು ಬಂದು ತಾಲೀಮು ಮುಗಿಸುವಾಗ ನಡುರಾತ್ರಿಯಾಗುತ್ತಿತ್ತು. ತಾತ ಒಂಬತ್ತಕ್ಕೆ ಮುಂಬಾಗಿಲ ಅಗುಳಿ ಜಡಿದರೆ ಇಂದ್ರ ಬಂದರೂ ತೆಗೆಯುವವರಲ್ಲ. ಚಿಕ್ಕಪ್ಪ ಹಿತ್ತಲಿನ ಹಲಸಿನಮರ ಹತ್ತಿ, ಮಾಡಿನ ಮೇಲೆ ತೆವಳಿಕೊಂಡು ಬಂದು, ತೊಟ್ಟಿಯ ಕಂಬ ಹಿಡಿದು ಜಾರಿ ಒಳಗೆ ಇಳಿಯುತ್ತಿದ್ದ. ತಾತನೊಬ್ಬರನ್ನು ಬಿಟ್ಟು ಮನೆಗೆಲ್ಲ ಇದು ಗೊತ್ತು.

ಒಂದು ರಾತ್ರಿ ಕಂಬ ಜಾರಿ ಒಬ್ಬ ಇಳಿದ. ಇಳಿದವನ ಕಾಲು ದೊಡ್ಡಪ್ಪನ ಹೊಟ್ಟೆಯ ಮೇಲೆ ಬಿತ್ತು. ದೊಡ್ಡಪ್ಪ ಕಣ್ಣು ಬಿಡದೆಯೇ, “ಬಂದ್ಯೇನ್ಲಾ? ಒಲೆ ಪಕ್ಕ ಮುದ್ದೆ ಐತೆ, ಉಂಡು ಮನೀಕೊ. ಸದ್ದು ಮಾಡ್ಬ್ಯಾಡ, ಅಪ್ಪ ಎದ್ರೆ ಇಬ್ರಿಗೂ ಬೀಳುತ್ತೆ” ಎಂದು ಪಿಸುಗುಟ್ಟಿ ಮಗ್ಗುಲು ಬದಲಿಸಿದರು. ಬಂದವನು ಹೇಳಿದ ಮಾತು ಕೇಳಿದ. ಒಲೆ ಪಕ್ಕ ಹೋಗಿ ಮುದ್ದೆ ಮುರಿದು, ಹುರುಳಿ ಸಾರು ಸುರಿದುಕೊಂಡು ಉಂಡ. ಬಂದ ದಾರಿಯಲ್ಲೇ ಹತ್ತಿ ಹೋದ.

ಸ್ವಲ್ಪ ಹೊತ್ತಿಗೆ ನಿಜವಾದ ಚಿಕ್ಕಪ್ಪ ಇಳಿದ. ಒಲೆ ಪಕ್ಕ ಬರೀ ಪಾತ್ರೆ. ಹಸಿದ ದುಶ್ಶಾಸನ ದೊಡ್ಡಪ್ಪನನ್ನು ಅಲ್ಲಾಡಿಸಿ ಎಬ್ಬಿಸಿ ಜಗಳ ತೆಗೆದ. “ಈಗ್ತಾನೆ ಉಂಡ್ಯಲ್ಲೋ” ಎಂದರು ಅವರು. “ಯಾರು ಉಂಡಿದ್ದು?” ಎಂದ ಇವನು. ಇಬ್ಬರಿಗೂ ವಿಷಯ ಹೊಳೆಯುವಷ್ಟರಲ್ಲಿ ತಾತ ಎದ್ದಾಗಿತ್ತು.

ಏನು ಕಳುವಾಯಿತು ಎಂಬ ಬಗ್ಗೆ ಇವತ್ತಿಗೂ ಒಮ್ಮತವಿಲ್ಲ. ಒಂದು ತಾಮ್ರದ ತಪ್ಪಲೆ ಹೋಯಿತು ಎಂಬುದು ದೊಡ್ಡಮ್ಮನ ಪಕ್ಷ. ಏನೂ ಹೋಗಲಿಲ್ಲ, ಬದಲಿಗೆ ಅವನದೇ ಒಂದು ಟವಲು ಬಿಟ್ಟುಹೋದ ಎನ್ನುವುದು ದೊಡ್ಡಪ್ಪನದು. ಚಿಕ್ಕಪ್ಪನ ಪ್ರಕಾರ ಹೋದದ್ದು ತನ್ನ ಪಾಲಿನ ಮುದ್ದೆ, ಅದಕ್ಕಿಂತ ದೊಡ್ಡ ಕಳುವು ಇನ್ನೇನಿದೆ. ಅಜ್ಜಿಯ ತಲೆಯಲ್ಲಿ ಉಳಿದದ್ದು ಬೇರೆಯದೇ. ಉಂಡ ತಟ್ಟೆಯನ್ನು ಆತ ಬಚ್ಚಲಲ್ಲಿ ತೊಳೆದು, ಗೋಡೆಗೆ ಒರಗಿಸಿ ಇಟ್ಟಿದ್ದನಂತೆ. “ನಮ್ಮನೆ ಗಂಡಸ್ರು ಯಾವತ್ತು ತಟ್ಟೆ ತೊಳೆದವ್ರೆ? ಆ ಸದ್ದು ಕೇಳ್ದಾಗ್ಲೇ ನಾನು ಏಳ್ಬೇಕಿತ್ತು” ಎಂದು ಸಾಯುವವರೆಗೂ ಹಲುಬುತ್ತಿದ್ದಳು.

ಇನ್ನೊಂದು ಸಂಗತಿಯನ್ನೂ ಗಮನಿಸಿದವಳು ಅವಳೇ. ಒಂದೂ ಹೆಂಚು ಒಡೆದಿರಲಿಲ್ಲ.

ಇದು ಸಣ್ಣ ಮಾತಲ್ಲ. ನಮ್ಮದು ನಾಡಹೆಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ಮಾಡಿದ ಹೆಂಚಿಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಅಂಚಿದೆ, ರೀಪಿಗೆ ಸಿಕ್ಕಿಸುವ ಮೂಗಿದೆ. ನಾಡಹೆಂಚಿಗೆ ಇದೊಂದೂ ಇಲ್ಲ. ಕುಂಬಾರ ಮಾಡಿದ ಅರೆಗೊಳವೆ ಅದು, ಸುಮ್ಮನೆ ಒಂದರ ಮೇಲೊಂದು ಒರಗಿಕೊಂಡಿರುತ್ತದೆ. ಬೆಕ್ಕು ಓಡಿದರೆ ಜಾರುತ್ತದೆ, ಕೋತಿ ಕುಣಿದರೆ ಪುಡಿಯಾಗುತ್ತದೆ. ಅದಕ್ಕೇ ಪ್ರತಿವರ್ಷ ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸಬೇಕು: ಅಷ್ಟೂ ಹೆಂಚನ್ನು ಎತ್ತಿ, ತರಗೆಲೆ ಬಳಿದು, ಒಡೆದದ್ದು ತೆಗೆದು, ಮತ್ತೆ ಹೊದಿಸಬೇಕು. ಬಿಟ್ಟರೆ ಆ ವರ್ಷ ಮನೆಯ ಪಾತ್ರೆಗಳೆಲ್ಲ ಅಡುಗೆಮನೆ ಬಿಟ್ಟು ಸೋರುವ ಜಾಗಗಳಲ್ಲಿ ಕೂತಿರುತ್ತವೆ. ಹಳೇ ಮನೆ ಎಷ್ಟು ಚೆಂದ ಎಂದು ಫೋಟೋ ತೆಗೆಯುವವರನ್ನು ಒಂದು ಆಷಾಢದ ರಾತ್ರಿ ಅಲ್ಲಿ ಚೊಂಬು ಕೊಟ್ಟು ಕೂರಿಸಬೇಕೆಂಬುದು ನನ್ನ ಬಹಳ ದಿನದ ಆಸೆ.

ಅಂಥ ಮಾಡಿನ ಮೇಲೆ ಕತ್ತಲೆಯಲ್ಲಿ ನಡೆದು ಒಂದು ಹೆಂಚೂ ಒಡೆಯಲಿಲ್ಲವೆಂದರೆ, ಕೆಳಗೆ ಜಂತೆ ಎಲ್ಲಿದೆ, ಎಲ್ಲಿ ಕಾಲೂರಬೇಕು ಎಂಬುದು ಅವನಿಗೆ ಬಾಯಿಪಾಠ. ಚಿಕ್ಕಪ್ಪನನ್ನು ಬಿಟ್ಟರೆ ಆ ವಿದ್ಯೆ ಇದ್ದದ್ದು ಊರಲ್ಲಿ ಒಬ್ಬನಿಗೇ, ಹೆಂಚು ಕೈಯಾಡಿಸಲು ಬರುತ್ತಿದ್ದವನಿಗೆ. ಅಜ್ಜಿ ಯಾರಿಗೂ ಹೇಳಲಿಲ್ಲ. ಪರೀಕ್ಷೆ ಮಾಡಿ ನೋಡೋಣವೆಂದು ಕಾದಳು. ಮುಂಗಾರಿಗೆ ಮೊದಲು ಆತ ಬಂದ. ಇಡೀ ದಿನ ಮಾಡಿನ ಮೇಲೆ ಕೆಲಸ ಮಾಡಿದ. ಮಧ್ಯಾಹ್ನ ಅಜ್ಜಿ ಬೇಕೆಂದೇ ಮುದ್ದೆ, ಹುರುಳಿ ಸಾರು ಮಾಡಿಸಿದಳು. ಬಚ್ಚಲು ಕಾಣುವ ಹಾಗೆ ಕಂಬಕ್ಕೆ ಒರಗಿ ಕೂತಳು. ಉಂಡ ಮೇಲೆ ತಟ್ಟೆ ತೊಳೆದು ಗೋಡೆಗೆ ಒರಗಿಸುತ್ತಾನೋ ಇಲ್ಲವೋ, ಅಷ್ಟು ನೋಡಿಬಿಟ್ಟರೆ ಆಯಿತು.

ದೊಡ್ಡಮ್ಮ ಬಂದು ಎಲೆ ಹಾಕಿಬಿಟ್ಟಳು.

ಅತ್ತೆ-ಸೊಸೆ ಒಂದು ವಾರ ಮಾತು ಬಿಟ್ಟಿದ್ದರಂತೆ. ಕಾರಣ ದೊಡ್ಡಮ್ಮನಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆತನನ್ನು ನಾನೂ ಚಿಕ್ಕವನಿದ್ದಾಗ ನೋಡಿದ್ದೇನೆ. ಬಲು ಸಂಭಾವಿತ.

ತಾತ ಮಾತ್ರ ಮಾರನೇ ವಾರವೇ ಹೊಳೆನರಸೀಪುರದಿಂದ ಕಂಬಿ ತರಿಸಿ ತೊಟ್ಟಿಯ ಬಾಯಿಗೆ ಅಡ್ಡ ಹೊಡೆಸಿದರು. ಮಳೆ, ಗಾಳಿ, ಬಿಸಿಲು, ಬೆಳುದಿಂಗಳು ಎಲ್ಲ ಮೊದಲಿನ ಹಾಗೇ ಬರುತ್ತಿದ್ದವು, ಚಿಕ್ಕಪ್ಪ ಮಾತ್ರ ಬರುವ ಹಾಗಿರಲಿಲ್ಲ. ಆತ ತಾಲೀಮು ಬಿಟ್ಟ. ಆ ವರ್ಷದ ಹಬ್ಬದಲ್ಲಿ ದುಶ್ಶಾಸನನ ಪಾರ್ಟು ಮಾಡಿದ್ದು ದ್ರೌಪದಿಗಿಂತ ಸಣಕಲ ಒಬ್ಬ.

ತಾತ ಹೋದ ಮೇಲೆ ಮನೆ ಪಾಲಾಯಿತು. ನಮ್ಮಪ್ಪ ಗದ್ದೆ ತೆಗೆದುಕೊಂಡು ಮನೆ ಬಿಟ್ಟುಕೊಟ್ಟರು. ದೊಡ್ಡಪ್ಪ ಚಿಕ್ಕಪ್ಪ ತೊಟ್ಟಿಯ ನಟ್ಟನಡುವೆ ಗೋಡೆ ಎಬ್ಬಿಸಿದರು. ಎರಡು ಕಂಬ ಆ ಕಡೆ, ಎರಡು ಈ ಕಡೆ. ಮಳೆ ಸುರಿಯುವ ಮೂಲೆಗಳೂ ಹಾಗೆಯೇ. ಪಂಚಾಯಿತಿಗೆ ಕೂತವರು ಹಿತ್ತಲಿನ ಹಲಸಿನಮರದ ಕೊಂಬೆಗಳವರೆಗೆ ಹಂಚಿದರು, ತೂಬನ್ನು ಮರೆತರು. ತೊಟ್ಟಿಯ ನೀರು ಹೊರಗೆ ಹೋಗುವ ತೂಬು ಚಿಕ್ಕಪ್ಪನ ಪಾಲಿನ ಮೂಲೆಯಲ್ಲಿತ್ತು, ಇಳಿಜಾರೆಲ್ಲ ಆ ಕಡೆಗೇ. ಗೋಡೆಯ ಬುಡದಲ್ಲಿ ಒಂದು ತೂತು ಬಿಟ್ಟು, ದೊಡ್ಡಪ್ಪನ ನೀರನ್ನು ಆ ಕಡೆ ಹಾಯಿಸಿದರು. ತೂಬು ಕಟ್ಟಿಕೊಂಡರೆ ಬಿಡಿಸುವವರು ಯಾರು? “ತೂಬು ಅವನದು, ಅವನೇ ಬಿಡಿಸ್ಲಿ” ಎನ್ನುತ್ತಾರೆ ದೊಡ್ಡಪ್ಪ. “ಅವನ ನೀರು ಅವನಿಟ್ಕಳ್ಳಿ” ಎನ್ನುತ್ತಾರೆ ಚಿಕ್ಕಪ್ಪ. ಇಬ್ಬರೂ ನನಗೆ ಫೋನು ಮಾಡಿ ನ್ಯಾಯ ಕೇಳುತ್ತಾರೆ. ಚಿಕ್ಕಪ್ಪನ ದನಿ ಇವತ್ತಿಗೂ ಮೈಕಿಲ್ಲದೆ ಬಯಲು ಮುಟ್ಟುವಂಥದು.

ಹೋದ ವರ್ಷ ಸಕಲೇಶಪುರದ ಕಡೆ ರೆಸಾರ್ಟ್ ಕಟ್ಟಿಸುತ್ತಿರುವ ಒಬ್ಬರು ಹಳೇ ಮರ ಹುಡುಕಿಕೊಂಡು ಊರಿಗೆ ಬಂದಿದ್ದರಂತೆ. ನಾಲ್ಕೂ ಕಂಬ ಬೇಕು, ಜೋಡಿ ಒಡೆದರೆ ಬೇಡ ಎಂದರಂತೆ. ಹೇಳಿದ ರೇಟೂ ಒಳ್ಳೆಯದೇ ಇತ್ತು. ದೊಡ್ಡಪ್ಪ ಒಪ್ಪಿ, ತಮ್ಮನ ಮಾತು ಕೇಳಿಕೊಡು ಎಂದು ನನಗೆ ಹೇಳಿದರು. ಫೋನು ಮಾಡಿದೆ.

“ಕಂಬದ ಮಾತು ಆಮೇಲೆ” ಎಂದರು ಚಿಕ್ಕಪ್ಪ. “ಮೊದ್ಲು ತೂಬು ಬಿಡ್ಸಿದ ಕೂಲಿ ಅರ್ಧ ಇಡಕ್ಕೇಳು.”